ಆಷಾಢದ ಮಳೆಗೆ ಒಂದು ಹಳೇ ಪ್ರೇಮಕಥೆ: ‘ಪ್ರೈಡ್ ಅಂಡ್ ಪ್ರೆಜುಡಿಸ್’ ಓದುವುದು ಹೇಗೆ?

ಚಿಕ್ಕಮಗಳೂರು ಕಡೆ ಕಾದಂಬರಿ ಓದುವವರಿಗೆ ಬರವಿಲ್ಲ. ತ್ರಿವೇಣಿ, ಎಂ.ಕೆ. ಇಂದಿರಾ ಪುಸ್ತಕ ಕೈಗೆ ಬಂದರೆ ಒಲೆ ಮೇಲಿಟ್ಟ ಹಾಲನ್ನೂ ಮರೆತು ಕೂರುವವರು ಇಲ್ಲಿ ಎಷ್ಟೋ ಮನೆಗಳಲ್ಲಿದ್ದಾರೆ. ಅವರ ಕೈಗೆ ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕೊಟ್ಟು ನೋಡಿ. ಹತ್ತು ಪುಟ ಓದಿ ಮಡಚಿಡುತ್ತಾರೆ. ‘ಹೆಸರುಗಳೇ ತಲೆಗೆ ಹತ್ತಲ್ಲ’ ಅನ್ನುತ್ತಾರೆ. ‘ಇಂಗ್ಲಿಷು ತುಂಬಾ ಹಳೇದು’ ಅನ್ನುತ್ತಾರೆ. ‘ಬರೀ ಡ್ಯಾನ್ಸು, ಟೀ, ಮಾತು. ಏನೂ ನಡೆಯೋದೇ ಇಲ್ಲ’ ಅನ್ನುವವರೂ ಇದ್ದಾರೆ.

ಆದರೆ ಈ ಕಥೆ ನಮಗೆ ದೂರದ್ದಲ್ಲ. ಐದು ಹೆಣ್ಣುಮಕ್ಕಳ ಮನೆ. ಗಂಡು ಹುಡುಕುವ ಚಿಂತೆಯಲ್ಲೇ ಇರುವ ತಾಯಿ. ಪುಸ್ತಕದ ಕೋಣೆಯಿಂದ ಆಚೆ ಬಾರದ ತಂದೆ. ಊರಿಗೆ ಹೊಸದಾಗಿ ಬಂದ ಅನುಕೂಲಸ್ಥ ಹುಡುಗ ಒಬ್ಬ. ಅವನ ಜೊತೆ ಬಂದ, ಅವನಿಗಿಂತ ದುಪ್ಪಟ್ಟು ಅನುಕೂಲಸ್ಥನಾದ, ಯಾರ ಜೊತೆಯೂ ಮಾತಾಡದ ಗೆಳೆಯ ಇನ್ನೊಬ್ಬ. ಇದರಲ್ಲಿ ನಮಗೆ ಗೊತ್ತಿಲ್ಲದ್ದು ಏನಿದೆ?

ತೊಂದರೆ ಇರುವುದು ನಾವು ಒಳಗೆ ಹೋಗುವ ರೀತಿಯಲ್ಲಿ. ಪ್ರೇಮಕಥೆ ಅಂದ ತಕ್ಷಣ ಇಬ್ಬರು ಯಾವಾಗ ಹತ್ತಿರ ಬರ್ತಾರೆ ಅಂತ ಕಾಯುತ್ತಾ ಓದುತ್ತೇವೆ. ಈ ಕಾದಂಬರಿಯ ಪ್ರೀತಿ ಅಲ್ಲಿಲ್ಲ. ಒಬ್ಬ ಮನುಷ್ಯನ ಬಗ್ಗೆ ಗಟ್ಟಿಯಾಗಿ ಕಟ್ಟಿಕೊಂಡ ಅಭಿಪ್ರಾಯವನ್ನು ಒಡೆದು ಮತ್ತೆ ಕಟ್ಟುವುದು ಎಷ್ಟು ಕಷ್ಟ, ಅದರಲ್ಲಿದೆ. ಆ ಕಷ್ಟವನ್ನು ನಾಯಕಿ ಒಬ್ಬಳೇ ಪಡುವುದಿಲ್ಲ. ಓದುವವರೂ ಅವಳ ಜೊತೆ ಪಡಬೇಕು. ಆಗಲೇ ಪುಸ್ತಕದ ಮೇಲೆ ಪ್ರೀತಿ ಹುಟ್ಟುವುದು. ಕೆಳಗಿನ ಹೆಜ್ಜೆಗಳನ್ನೆಲ್ಲ ಅದಕ್ಕಾಗಿಯೇ ಜೋಡಿಸಿದ್ದೇನೆ.

1. ಪೂರ್ತಿ ಪುಸ್ತಕವನ್ನೇ ತನ್ನಿ

ಪುಸ್ತಕದ ಹಕ್ಕು ಮುಗಿದು ಎಷ್ಟೋ ಕಾಲವಾಯಿತು. ಹಾಗಾಗಿ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಇಡೀ ಕಾದಂಬರಿ ಪುಕ್ಕಟೆ ಸಿಗುತ್ತದೆ. ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿರುವ ಆಡಿಯೋ ಕೂಡ ಪುಕ್ಕಟೆ. ಆದರೂ ಸಾಧ್ಯವಾದರೆ ಅಚ್ಚಾದ ಪುಸ್ತಕವನ್ನೇ ಹಿಡಿಯಿರಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಹೇಳುವಂತಿಲ್ಲ. ಅದೂ ಅಲ್ಲದೆ ಈ ಪುಸ್ತಕದಲ್ಲಿ ಪದೇ ಪದೇ ಹಿಂದಕ್ಕೆ ಹೋಗಿ ನೋಡುವ ಕೆಲಸವಿದೆ. ಬೆರಳು ಸಿಕ್ಕಿಸಿಕೊಂಡು ಪುಟ ತಿರುಗಿಸುವ ಅನುಕೂಲ ಮೊಬೈಲಿನಲ್ಲಿ ಇಲ್ಲ.

ಕೊಳ್ಳುವಾಗ ಒಂದೇ ಒಂದು ಪರೀಕ್ಷೆ ಮಾಡಿ. ಕೊನೆಯ ಅಧ್ಯಾಯ ತೆಗೆದು ಅದು 61ನೆಯದಾ ಅಂತ ನೋಡಿ. ಶಾಲೆ ಮಕ್ಕಳಿಗಾಗಿ ಕತ್ತರಿಸಿದ ಪ್ರತಿಗಳು ಅಂಗಡಿಗಳಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಕಥೆ ಉಳಿದಿರುತ್ತದೆ, ಮಾತು ಹೋಗಿರುತ್ತದೆ. ಮಾತು ಹೋದರೆ ಇದರಲ್ಲಿ ಉಳಿಯುವುದು ಕಡಿಮೆ.

ಕೆಲವು ಪ್ರತಿಗಳಲ್ಲಿ ಕೊನೆಯ ಅಧ್ಯಾಯದ ಸಂಖ್ಯೆ 19 ಅಂತಿರುತ್ತದೆ. ಗಾಬರಿ ಬೇಡ. 1813ರ ಜನವರಿ 28ರಂದು ಈ ಕಾದಂಬರಿ ಮೊದಲು ಬಂದದ್ದು ಮೂರು ಸಂಪುಟಗಳಲ್ಲಿ. ಮೊದಲನೆಯದರಲ್ಲಿ 23 ಅಧ್ಯಾಯ, ಉಳಿದೆರಡರಲ್ಲಿ 19, 19. ಆ ಪ್ರತಿಗಳಲ್ಲಿ ಪ್ರತಿ ಸಂಪುಟಕ್ಕೂ ಎಣಿಕೆ ಒಂದರಿಂದ ಶುರುವಾಗುತ್ತದೆ. ನಾನು ಇಲ್ಲಿ ಕೊಡುವ ಸಂಖ್ಯೆಗಳು ಒಂದರಿಂದ 61ರವರೆಗಿನ ಲೆಕ್ಕದವು.

ಗ್ರಂಥಾಲಯದಲ್ಲಿ ಕನ್ನಡ ಅನುವಾದ ಸಿಕ್ಕಿದರೆ ಸಂಕೋಚವಿಲ್ಲದೆ ಅದನ್ನೇ ತನ್ನಿ. ಸಂಕ್ಷಿಪ್ತ ಆಗಿರಬಾರದು, ಅಷ್ಟೇ. ಇನ್ನೊಂದು ಮಾತು: ಪ್ರೊಫೆಸರುಗಳು ಬರೆದ ಮುನ್ನುಡಿ ಇದ್ದರೆ ಅದನ್ನು ಕೊನೆಗೆ ಓದಿ. ಮುನ್ನುಡಿಗಳು ಕಥೆಯನ್ನೆಲ್ಲ ಬಿಟ್ಟುಕೊಡುತ್ತವೆ.

2. ಸಮಯ ನೋಡಿ ಶುರು ಮಾಡಿ

ಕಾಫಿ ಕುಯ್ಲಿನ ತಿಂಗಳಲ್ಲಿ ಇದನ್ನು ಮುಟ್ಟಬೇಡಿ. ಡಿಸೆಂಬರಿನಲ್ಲಿ ಕಣದ ಮೇಲೆ ಹಣ್ಣು ಹರಡಿರುವಾಗ ಯಾರ ತಲೆಗೂ ಕಾದಂಬರಿ ಹೋಗುವುದಿಲ್ಲ. ಆಷಾಢ ಒಳ್ಳೆಯದು. ಮಳೆ ಹಿಡಿದಿರುತ್ತದೆ, ಮದುವೆ ಮಾತುಕತೆಗೂ ರಜೆ. ಪೂರ್ತಿ ಮದುವೆ ಮಾತೇ ತುಂಬಿರುವ ಪುಸ್ತಕಕ್ಕೆ ಅದಕ್ಕಿಂತ ಪ್ರಶಸ್ತ ಕಾಲ ಇಲ್ಲ.

ದಿನಕ್ಕೆ ಎರಡು ಅಧ್ಯಾಯ ಸಾಕು. ಹೆಚ್ಚಿನವು ಐದಾರು ಪುಟದವು. ಒಂದು ತಿಂಗಳಲ್ಲಿ ಪುಸ್ತಕ ಮುಗಿಯುತ್ತದೆ. ಒಂದೇ ವಾರದಲ್ಲಿ ಮುಗಿಸುವ ಹಟ ಬೇಡ. ಅಭಿಪ್ರಾಯ ಬೇರೂರಲು ನಾಲ್ಕು ದಿನ ಬೇಕು. ಬೇರೂರದಿದ್ದರೆ ಮುಂದೆ ಅದನ್ನು ಕಿತ್ತಾಗ ನೋವಾಗುವುದಿಲ್ಲ.

3. ಮೊದಲು ದುಡ್ಡಿನ ಲೆಕ್ಕ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದವರಿಗೇ ‘ಏನೂ ನಡೆಯೋದೇ ಇಲ್ಲ’ ಅನ್ನಿಸುವುದು. ಲೆಕ್ಕ ಗೊತ್ತಿದ್ದರೆ ಪ್ರತಿ ಟೀ ಕೂಟದಲ್ಲೂ ಏನೋ ನಡೆಯುತ್ತಿರುತ್ತದೆ.

ಹೊಸದಾಗಿ ಊರಿಗೆ ಬಂದ ಬಿಂಗ್ಲಿಗೆ ವರ್ಷಕ್ಕೆ ನಾಲ್ಕೈದು ಸಾವಿರ ಪೌಂಡ್ ವರಮಾನ. ಅವನ ಗೆಳೆಯ ಡಾರ್ಸಿಗೆ ಹತ್ತು ಸಾವಿರ. ಹುಡುಗಿಯರ ತಂದೆ ಬೆನೆಟ್‌ಗೆ ಎರಡು ಸಾವಿರ. ಡಾರ್ಸಿಯ ಹತ್ತು ಸಾವಿರ ಸಂಬಳದ್ದಲ್ಲ, ಅವನ ಹಿಂದೆ ದೊಡ್ಡ ಜಮೀನು ಇದೆ. ನಮ್ಮಲ್ಲಿ ಗಂಡಿನ ವಿಷಯ ಬಂದಾಗ ‘ತೋಟ ಎಷ್ಟು ಎಕರೆ? ಅರೇಬಿಕಾನಾ, ರೊಬಸ್ಟಾನಾ? ನೀರಿದೆಯಾ?’ ಅಂತ ಕೇಳುತ್ತಾರಲ್ಲ, ಅವರ ಊರಲ್ಲಿ ಅದೇ ಪ್ರಶ್ನೆಗೆ ಉತ್ತರ ‘ವರ್ಷಕ್ಕೆ ಇಷ್ಟು ಸಾವಿರ’. ಡಾರ್ಸಿ ಡ್ಯಾನ್ಸಿನ ಮನೆಯೊಳಗೆ ಕಾಲಿಟ್ಟ ಐದೇ ನಿಮಿಷದಲ್ಲಿ ಅವನ ವರಮಾನ ಎಲ್ಲರ ಕಿವಿಗೂ ಬಿದ್ದಿರುತ್ತದೆ. ಇದನ್ನು ಓದಿ ಮೂಡಿಗೆರೆಯವರಾಗಲಿ ಸಕಲೇಶಪುರದವರಾಗಲಿ ಆಶ್ಚರ್ಯ ಪಡುವ ಹಾಗಿಲ್ಲ.

ಇನ್ನು ಬೆನೆಟ್ ಮನೆಯ ಕಷ್ಟ. ಅವರ ಲಾಂಗ್‌ಬೋರ್ನ್ ಜಮೀನು ಗಂಡಸರಿಗೆ ಮಾತ್ರ ಇಳಿಯುವಂತೆ ಹಿಂದೆಯೇ ಕಟ್ಟು ಮಾಡಿಟ್ಟ ಆಸ್ತಿ. ಬೆನೆಟ್ ಬಯಸಿದರೂ ಮಕ್ಕಳ ಹೆಸರಿಗೆ ಬರೆಯುವ ಹಾಗಿಲ್ಲ. ಅವನು ತೀರಿಕೊಂಡರೆ ಮನೆ, ಭೂಮಿ ಎಲ್ಲ ದಾಯಾದಿ ಕಾಲಿನ್ಸ್ ಎಂಬ ಪಾದ್ರಿಗೆ ಹೋಗುತ್ತದೆ. ಹೆಂಡತಿ, ಐದು ಹೆಣ್ಣುಮಕ್ಕಳು ಮನೆ ಬಿಡಬೇಕು. ಒಬ್ಬೊಬ್ಬ ಮಗಳಿಗೂ ಸಿಗುವುದು ಸಾವಿರ ಪೌಂಡ್, ಅದೂ ತಾಯಿಯ ಕಾಲಾನಂತರ. ಒಳ್ಳೆ ಮನೆತನದ ಹೆಣ್ಣುಮಗಳು ದುಡಿದು ತಿನ್ನಬೇಕೆಂದರೆ ಆಗ ಇದ್ದ ದಾರಿ ಹೆಚ್ಚೂಕಡಿಮೆ ಒಂದೇ, ಇನ್ನೊಬ್ಬರ ಮನೆಯಲ್ಲಿದ್ದು ಅವರ ಮಕ್ಕಳಿಗೆ ಪಾಠ ಹೇಳುವುದು.

ನಮ್ಮ ಹಿರಿಯ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟು ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ. ಅಷ್ಟರೊಳಗೆ ಮದುವೆಯಾಗಿದ್ದವರಿಗೆ ಅದು ಸಿಗಲಿಲ್ಲ. ಇಡೀ ದೇಶಕ್ಕೆ ಕಾನೂನು ಬಂದದ್ದು 2005ರಲ್ಲಿ. ‘ನಮಗೆ ಅರಿಶಿನ ಕುಂಕುಮ, ಅಣ್ಣಂದಿರಿಗೆ ತೋಟ’ ಅನ್ನುವ ಕಾಲ ಕಂಡವರು ಈಗಲೂ ನಮ್ಮ ಮನೆಗಳಲ್ಲೇ ಇದ್ದಾರೆ.

ಈ ಲೆಕ್ಕ ಗೊತ್ತಾದ ಮೇಲೆ ಬೆನೆಟ್ ಹೆಂಡತಿಯನ್ನು ನೋಡಿ. ಅವಳು ಗಟ್ಟಿಯಾಗಿ ಮಾತಾಡುತ್ತಾಳೆ, ಎಲ್ಲರೆದುರು ಮಕ್ಕಳ ಮಾನ ಕಳೆಯುತ್ತಾಳೆ, ಅವಳಿಂದಾಗಿ ಕೆಲಸ ಕೆಡುವುದೂ ಉಂಟು. ಓದುವಾಗ ನಗು ಬರುತ್ತದೆ. ಆದರೆ ಇಡೀ ಮನೆಯಲ್ಲಿ ನಾಳೆಯ ಬಗ್ಗೆ ದಿನಾ ಯೋಚನೆ ಮಾಡುವವಳು ಅವಳೊಬ್ಬಳೇ. ಗಂಡ ಏನು ಮಾಡಿದ? ಮದುವೆಯಾದ ಹೊಸದರಲ್ಲಿ ಗಂಡುಮಗು ಹುಟ್ಟೇ ಹುಟ್ಟುತ್ತೆ ಅಂತ ನಂಬಿ ದುಡ್ಡು ಉಳಿಸುವ ಗೋಜಿಗೇ ಹೋಗಲಿಲ್ಲ. ಈ ಮಾತು 50ನೇ ಅಧ್ಯಾಯದವರೆಗೆ ಬಾಯಿ ಬಿಚ್ಚಿ ಹೇಳಿರುವುದಿಲ್ಲ. ಅಷ್ಟರಲ್ಲಿ ನಾವೆಲ್ಲ ಅವನ ಚುರುಕು ಮಾತಿಗೆ ಮರುಳಾಗಿರುತ್ತೇವೆ.

4. ಒಂದು ನೋಟ್‌ಬುಕ್ಕು, ಎರಡು ಕಾಲಂ

ಉಳಿದದ್ದೆಲ್ಲ ಬಿಟ್ಟರೂ ಈ ಹೆಜ್ಜೆ ಬಿಡಬೇಡಿ.

ಮಕ್ಕಳ ಹಳೇ ನೋಟ್‌ಬುಕ್ಕು ಆದರೂ ಆದೀತು. ಪುಟದ ಮಧ್ಯೆ ಗೆರೆ ಎಳೆಯಿರಿ. ಎಡಗಡೆ ‘ನಾನೇ ನೋಡಿದ್ದು’, ಬಲಗಡೆ ‘ಯಾರೋ ಹೇಳಿದ್ದು’. ಡಾರ್ಸಿಗೆ ಒಂದು ಪುಟ, ಮಿಲಿಟರಿಯವನಾದ ವಿಕಮ್‌ಗೆ ಒಂದು ಪುಟ, ಬಿಂಗ್ಲಿ ಮತ್ತು ದೊಡ್ಡ ಮಗಳು ಜೇನ್‌ಗೆ ಸೇರಿ ಒಂದು, ನಾಯಕಿ ಎಲಿಜಬೆತ್‌ಳ ಗೆಳತಿ ಶಾರ್ಲೆಟ್‌ಗೆ ಒಂದು. ಅವರ ಬಗ್ಗೆ ಏನು ಅನ್ನಿಸಿತು ಅಂತ ಎರಡೆರಡು ಸಾಲು ಬರೆಯುತ್ತಾ ಹೋಗಿ. ಯಾವುದನ್ನು ಕಣ್ಣಾರೆ ಕಂಡಿರಿ, ಅಂದರೆ ಅವರೇ ನಿಮ್ಮೆದುರು ಮಾಡಿದ್ದು, ಆಡಿದ್ದು, ಅದು ಎಡಕ್ಕೆ. ಯಾವುದನ್ನು ಇನ್ನೊಬ್ಬರ ಬಾಯಿಂದ ಕೇಳಿದಿರಿ, ಅದು ಬಲಕ್ಕೆ.

ಎಲ್ಲ ಅಧ್ಯಾಯಕ್ಕೂ ಬರೆಯಬೇಕಿಲ್ಲ. 3, 8, 16, 18, 22, 26, 33 ಮುಗಿದಾಗ ನಿಲ್ಲಿಸಿ ಬರೆಯಿರಿ. ಪೆನ್ನಿನಲ್ಲೇ ಬರೆಯಿರಿ, ಆಮೇಲೆ ಅಳಿಸಬೇಕು ಅನ್ನಿಸಬಾರದು.

3ನೇ ಅಧ್ಯಾಯದಲ್ಲಿ ಏನಾಗುತ್ತದೆ ಅಂತ ಹತ್ತಿರದಿಂದ ನೋಡೋಣ. ಊರಿನ ಡ್ಯಾನ್ಸ್ ಕೂಟ. ಗಂಡಸರು ಕಡಿಮೆ, ಹೆಂಗಸರು ಜಾಸ್ತಿ. ಹಾಗಾಗಿ ಎರಡನೇ ಮಗಳು ಎಲಿಜಬೆತ್ ಎರಡು ಸುತ್ತು ಸುಮ್ನೆ ಕೂರಬೇಕಾಗುತ್ತದೆ. ಹತ್ತಿರದಲ್ಲೇ ಡಾರ್ಸಿ ನಿಂತಿದ್ದಾನೆ. ಬಿಂಗ್ಲಿ ಬಂದು, ಅಲ್ಲಿ ಕೂತಿದ್ದಾಳಲ್ಲ, ಅವಳ ಜೊತೆ ಕುಣಿ ಅನ್ನುತ್ತಾನೆ. ಡಾರ್ಸಿ ತಿರುಗಿ ಅವಳನ್ನು ನೋಡುತ್ತಾನೆ. ಅವಳ ಕಣ್ಣು ತನ್ನ ಕಣ್ಣಿಗೆ ಸಿಕ್ಕುವವರೆಗೆ ನೋಡಿ, ಆಮೇಲೆ ಮುಖ ತಿರುಗಿಸಿ, ಪರವಾಗಿಲ್ಲ, ಆದರೆ ನನ್ನನ್ನು ಎಬ್ಬಿಸುವಷ್ಟು ಚೆನ್ನಾಗೇನಿಲ್ಲ ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಅವಳಿಗೆ ಕೇಳಿಸುತ್ತದೆ.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತವರಿಗೆ ಆ ಕ್ಷಣ ಏನು ಅಂತ ಗೊತ್ತು. ಎಲಿಜಬೆತ್ ಅಳುವುದಿಲ್ಲ. ಎದ್ದು ಹೋಗಿ ಗೆಳತಿಯರಿಗೆಲ್ಲ ಆ ಮಾತನ್ನು ಹೇಳಿ ನಗಿಸುತ್ತಾಳೆ. ಅಲ್ಲೇ ನಾವು ಅವಳ ಕಡೆಯವರಾಗುತ್ತೇವೆ. ಡಾರ್ಸಿ ಪುಟದಲ್ಲಿ ‘ಜಂಭದವನು’ ಅಂತ ಬರೆಯುತ್ತೇವೆ, ಎಡಗಡೆಯೇ. ಅದು ಕಣ್ಣಾರೆ ಕಂಡದ್ದು ತಾನೇ? ಬರೆಯಿರಿ. ಆ ರಾತ್ರಿ ಅವನು ನಿಜವಾಗಿ ಕೆಟ್ಟದಾಗಿಯೇ ನಡೆದುಕೊಂಡ.

7 ಮತ್ತು 8ನೇ ಅಧ್ಯಾಯಗಳೂ ನಮಗೆ ಹತ್ತಿರದವು. ಜೇನ್ ಮಳೆಯಲ್ಲಿ ನೆನೆದು ಬಿಂಗ್ಲಿ ಮನೆಯಲ್ಲಿ ಜ್ವರ ಬಂದು ಮಲಗಿದ್ದಾಳೆ. ತಂಗಿ ಎಲಿಜಬೆತ್ ಮೂರು ಮೈಲಿ, ಅಂದರೆ ಸುಮಾರು ಐದು ಕಿಲೋಮೀಟರು, ಗದ್ದೆ ಹೊಲ ದಾಟಿಕೊಂಡು ಕೆಸರಿನಲ್ಲಿ ನಡೆದು ಹೋಗುತ್ತಾಳೆ. ಬಿಂಗ್ಲಿಯ ಅಕ್ಕತಂಗಿಯರ ಕಣ್ಣಿಗೆ ಬೀಳುವುದು ಅವಳ ಲಂಗಕ್ಕೆ ಮೆತ್ತಿದ ಆರು ಇಂಚು ಕೆಸರು. ಡಾರ್ಸಿಗೆ ಕಾಣುವುದು ನಡೆದು ನಡೆದು ಹೊಳೆಯುತ್ತಿರುವ ಅವಳ ಕಣ್ಣು. ಜುಲೈನಲ್ಲಿ ಶೃಂಗೇರಿ, ಕೊಪ್ಪದ ಕಡೆ ಕಾಲುದಾರಿಯಲ್ಲಿ ಓಡಾಡಿದವರು ಈ ಅಧ್ಯಾಯಗಳನ್ನು ಲಂಡನ್ನಿನವರಿಗಿಂತ ಚೆನ್ನಾಗಿ ಓದಬಲ್ಲರು.

5. ಹೆಸರು, ಇಂಗ್ಲಿಷು

ಹೆಸರಿನ ಗೊಂದಲಕ್ಕೆ ಒಂದೇ ಸೂತ್ರ. ಮನೆಯ ದೊಡ್ಡ ಮಗಳನ್ನು ‘ಮಿಸ್ ಬೆನೆಟ್’ ಅನ್ನುತ್ತಾರೆ. ಉಳಿದವರಿಗೆ ಹೆಸರು ಸೇರಿಸಿ ‘ಮಿಸ್ ಎಲಿಜಬೆತ್’, ‘ಮಿಸ್ ಮೇರಿ’ ಅನ್ನುತ್ತಾರೆ. ಹಾಗಾಗಿ ಸುಮ್ಮನೆ ‘ಮಿಸ್ ಬೆನೆಟ್’ ಅಂತ ಬಂದರೆ ಸಾಮಾನ್ಯವಾಗಿ ಅದು ಜೇನ್. ಎಲಿಜಬೆತ್‌ಳನ್ನೇ ಮನೆಯವರು ಲಿಜ್ಜಿ ಅಂತಲೂ ಗೆಳತಿ ಎಲೈಜಾ ಅಂತಲೂ ಕರೆಯುತ್ತಾರೆ. ಮೂವರಲ್ಲ, ಒಬ್ಬಳೇ.

ಇಂಗ್ಲಿಷು ಕಷ್ಟ ಅನ್ನಿಸಿದರೆ ಡಿಕ್ಷನರಿ ತೆಗೆಯುವ ಮೊದಲು ಜೋರಾಗಿ ಓದಿ ನೋಡಿ. ಇದು ಮನೆಮಂದಿ ಕೂತು ಕೇಳುತ್ತಿದ್ದ ಕಾಲದ ಬರಹ. ಉದ್ದ ವಾಕ್ಯಗಳು ಕಣ್ಣಿಗೆ ತೊಡಕು, ಕಿವಿಗೆ ಅಷ್ಟಿಲ್ಲ. ಮೊದಲ ಅಧ್ಯಾಯ ಪೂರ್ತಿ ಗಂಡ ಹೆಂಡತಿಯ ಮಾತು. ಇಬ್ಬರು ಹಂಚಿಕೊಂಡು ಓದಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆಡಿಯೋ ಹಾಕಿಕೊಂಡು ಪುಸ್ತಕದ ಮೇಲೆ ಕಣ್ಣಾಡಿಸುವುದೂ ಒಳ್ಳೆಯ ದಾರಿ. ಒಂದು ವಾಕ್ಯ ಎರಡು ಸಲಕ್ಕೂ ಅರ್ಥವಾಗದಿದ್ದರೆ ಬಿಟ್ಟು ಮುಂದೆ ಹೋಗಿ. ಐದಾರು ಅಧ್ಯಾಯ ಕಳೆದ ಮೇಲೆ ಆ ಧಾಟಿ ತಾನಾಗಿಯೇ ಹಿಡಿತಕ್ಕೆ ಬರುತ್ತದೆ.

ಇಂಗ್ಲಿಷು ಬಾರದವರು ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದಾಯಿತು. ಸಂಜೆ ಕಾಫಿ ಹೊತ್ತಿಗೆ ಆ ದಿನದ ಎರಡು ಅಧ್ಯಾಯವನ್ನು ಅವರಿಗೆ ಕನ್ನಡದಲ್ಲಿ ಹೇಳಿ. ಹೇಳಲು ಹೊರಟಾಗ ನಿಮಗೆಷ್ಟು ಅರ್ಥವಾಗಿದೆ ಅಂತ ನಿಮಗೇ ಗೊತ್ತಾಗುತ್ತದೆ.

6. ಶಾರ್ಲೆಟ್ ವಿಷಯದಲ್ಲಿ ಜಗಳ ಆಡಿ

22ನೇ ಅಧ್ಯಾಯ ಓದಿದ ದಿನ ಯಾರ ಜೊತೆಗಾದರೂ ಕೂತು ಮಾತಾಡಲೇಬೇಕು. ಶಾರ್ಲೆಟ್‌ಗೆ 27 ವರ್ಷ. ನೋಡಲು ಸಾಧಾರಣ, ಕೈಯಲ್ಲಿ ದುಡ್ಡಿಲ್ಲ. ಎಲಿಜಬೆತ್ ಬೇಡ ಅಂದ ಅದೇ ಕಾಲಿನ್ಸ್‌ನನ್ನು, ಆ ಬಡಾಯಿ ಪಾದ್ರಿಯನ್ನು, ಮೂರೇ ದಿನದೊಳಗೆ ಒಪ್ಪಿಕೊಳ್ಳುತ್ತಾಳೆ. ಎಲಿಜಬೆತ್‌ಗೆ ಇಪ್ಪತ್ತು ವರ್ಷ. ಗೆಳತಿ ಹೀಗೆ ಮಾಡಿಬಿಟ್ಟಳಲ್ಲ ಅಂತ ಅವಳಿಗೆ ನುಂಗಲಾಗುವುದಿಲ್ಲ.

ನಮ್ಮ ಬೀದಿಯ ಹೆಂಗಸರು ಸೇರಿ ಇದನ್ನು ಓದುತ್ತಿದ್ದಾಗ ಕಾಲೇಜಿಗೆ ಹೋಗುವ ಹುಡುಗಿ ಒಬ್ಬಳು, ‘ಛೀ, ಇಂಥವನನ್ನ ಮದುವೆ ಆಗೋದಕ್ಕಿಂತ ಸುಮ್ನೆ ಇರಬಹುದಿತ್ತು’ ಅಂದಳು. ಪಕ್ಕದ ಮನೆಯ ದೊಡ್ಡಮ್ಮ ಬತ್ತಿ ಹೊಸೆಯುತ್ತಾ ಕೂತಿದ್ದವರು ತಲೆ ಎತ್ತಿದರು. ‘ಸುಮ್ನೆ ಎಲ್ಲಿರಬೇಕಿತ್ತು ಮಗಾ? ಅಪ್ಪನ ಮನೇಲಾ? ಅಪ್ಪ ಹೋದ ಮೇಲೆ ಅತ್ತಿಗೆ ಮನೇಲಾ?’ ಹುಡುಗಿ ಏನೋ ಹೇಳಹೊರಟಳು. ದೊಡ್ಡಮ್ಮ ಮುಂದುವರಿಸಿದರು: ‘ಅವಳು ಅವನನ್ನ ನೋಡಿ ಒಪ್ಪಿಲ್ಲ ಕಣೆ, ಮನೆ ನೋಡಿ ಒಪ್ಪಿದಾಳೆ. ಒಂದು ಅಡುಗೆಮನೆ ತನ್ನದು ಅಂತ ಆಯ್ತಲ್ಲ.’

ಆ ದಿನ ಯಾರೂ ಯಾರನ್ನೂ ಒಪ್ಪಿಸಲಿಲ್ಲ. ನನಗೆ ಇಬ್ಬರ ಮಾತೂ ಪುಸ್ತಕದೊಳಗಿನಿಂದಲೇ ಬಂದ ಹಾಗಿತ್ತು. ಆಸ್ಟಿನ್ ಕೂಡ ಇಲ್ಲಿ ತೀರ್ಪು ಕೊಡುವುದಿಲ್ಲ. ಮುಂದೆ ಎಲಿಜಬೆತ್ ಅವರ ಮನೆಗೆ ಹೋದಾಗ ಶಾರ್ಲೆಟ್ ತನ್ನ ಕೋಣೆಯನ್ನು ಮನೆಯ ಹಿಂಭಾಗದಲ್ಲಿ ಇಟ್ಟುಕೊಂಡಿರುವುದು ಕಾಣುತ್ತದೆ. ಮುಂದಿನ ಕೋಣೆ ಚೆನ್ನಾಗಿದ್ದರೆ ಗಂಡ ಇಡೀ ದಿನ ಅಲ್ಲೇ ಬಂದು ಕೂರುತ್ತಾನೆ, ಅದಕ್ಕೆ. ಅಷ್ಟು ಚಿಕ್ಕ ವಿವರದಲ್ಲಿ ಅವಳ ಸಂಸಾರ ಪೂರ್ತಿ ಇದೆ.

7. ಬೇಜಾರಾಗುವ ಜಾಗ

23ರಿಂದ 30ರವರೆಗೆ ಕಥೆ ನಿಧಾನ. ಬಹಳ ಜನ ಪುಸ್ತಕ ಬಿಡುವುದು ಇಲ್ಲೇ. ಇಲ್ಲಿ ಬೇಕಾದರೆ ದಿನಕ್ಕೆ ಮೂರು ಅಧ್ಯಾಯ ಓದಿ, ಆದರೆ 26ನ್ನು ಹಾರಿಸಬೇಡಿ. 34ಕ್ಕೆ ಬಂದ ದಿನ ಮಾತ್ರ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. 34, 35, 36 ಒಟ್ಟಿಗೆ ಓದಿ ಮುಗಿಸಿ. ಅಲ್ಲಿಯವರೆಗೆ ಇದರ ಸಿನಿಮಾ, ಧಾರಾವಾಹಿ ಯಾವುದನ್ನೂ ನೋಡಬೇಡಿ.

ಈ ಲೇಖನವನ್ನೂ ಇಲ್ಲಿಗೇ ನಿಲ್ಲಿಸಿ. 36 ಮುಗಿದ ಮೇಲೆ ಬನ್ನಿ. ಕೊನೆಗೆ ಇಬ್ಬರೂ ಮದುವೆಯಾಗುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ನಷ್ಟವಿಲ್ಲ. ಆದರೆ ಕೆಳಗೆ ಬರೆದಿರುವುದು ಗೊತ್ತಿದ್ದರೆ ಮೊದಲ ಓದಿನ ರುಚಿ ಮತ್ತೆ ಸಿಗುವುದಿಲ್ಲ.

8. 36 ಮುಗಿದ ಮೇಲೆ: ನೋಟ್‌ಬುಕ್ಕು ತೆಗೆಯಿರಿ

ಡಾರ್ಸಿ ಎಲಿಜಬೆತ್ ಬಳಿ ಬಂದು ಮದುವೆಯಾಗು ಅಂದ. ಅವಳ ಮನೆತನ ತನಗೆ ಸಮನಲ್ಲ ಅಂತ ಅದೇ ಉಸಿರಿನಲ್ಲಿ ಹೇಳಿದ. ಅವಳು ಖಂಡಿತ ಆಗಲ್ಲ ಅಂದಳು. ಅಕ್ಕನ ಬಾಳು ಕೆಡಿಸಿದವನು ನೀನು, ವಿಕಮ್‌ಗೆ ಅನ್ಯಾಯ ಮಾಡಿದವನು ನೀನು ಅಂತ ಮುಖಕ್ಕೆ ಹೇಳಿದಳು. ಮರುದಿನ ಬೆಳಿಗ್ಗೆ ಅವನು ಒಂದು ಕಾಗದ ಕೈಗಿತ್ತು ಹೋದ.

ನನ್ನ ಪ್ರಕಾರ ಇಡೀ ಕಾದಂಬರಿಯ ಎದೆ ಇರುವುದು 36ನೇ ಅಧ್ಯಾಯದಲ್ಲಿ. ಅಲ್ಲಿ ಗಂಡು ಇಲ್ಲ, ಪ್ರೀತಿಯ ಮಾತಿಲ್ಲ. ಒಬ್ಬ ಹುಡುಗಿ ದಾರಿಯಲ್ಲಿ ನಿಂತು ಒಂದು ಕಾಗದ ಓದುತ್ತಿದ್ದಾಳೆ. ಹೇಗೆ ಓದುತ್ತಾಳೆ ನೋಡಿ. ಮುಂದಿನ ವಾಕ್ಯದಲ್ಲಿ ಏನಿದೆಯೋ ಅನ್ನುವ ಆತುರದಲ್ಲಿ ಕಣ್ಣ ಮುಂದಿನ ವಾಕ್ಯದ ಅರ್ಥವೇ ಆಗುವುದಿಲ್ಲ. ಸುಳ್ಳು, ಇದೆಲ್ಲ ಸುಳ್ಳು ಅಂದುಕೊಳ್ಳುತ್ತಾಳೆ. ಇನ್ನು ಇದನ್ನು ನೋಡುವುದಿಲ್ಲ ಅಂತ ಮಡಚಿಡುತ್ತಾಳೆ. ಅರ್ಧ ನಿಮಿಷ ಆಗುವುದಿಲ್ಲ, ಮತ್ತೆ ಬಿಚ್ಚುತ್ತಾಳೆ. ವಿಕಮ್ ಬಗ್ಗೆ ಬರೆದ ಭಾಗವನ್ನು ವಾಕ್ಯ ವಾಕ್ಯವಾಗಿ ತೂಗಿ ನೋಡುತ್ತಾಳೆ. ಎರಡು ಗಂಟೆ ಹೊತ್ತು ಆ ದಾರಿಯಲ್ಲೇ ಅಲೆಯುತ್ತಾಳೆ. ಇಷ್ಟು ದಿನ ನನ್ನನ್ನು ನಾನೇ ಅರಿತಿರಲಿಲ್ಲ ಅನ್ನುವ ತೀರ್ಮಾನಕ್ಕೆ ಬರುತ್ತಾಳೆ.

ಈಗ ನಿಮ್ಮ ಸರದಿ. ವಿಕಮ್ ಪುಟ ತೆಗೆಯಿರಿ. ಎಡಗಡೆ ಏನಿದೆ? ‘ನೋಡಲು ಚೆನ್ನಾಗಿದ್ದಾನೆ, ಮಾತು ಮೃದು.’ ಇನ್ನೇನಾದರೂ ಇದೆಯಾ? ಅವನ ಒಳ್ಳೆಯತನ, ಡಾರ್ಸಿಯ ದ್ರೋಹ, ಎಲ್ಲ ಬಲಗಡೆ ಇರುತ್ತದೆ. ಹೇಳಿದವನು ಯಾರು? ವಿಕಮ್ಮೇ.

ಹಿಂದೆ ಹೋಗಿ 16 ಮತ್ತು 18ನ್ನು ಮತ್ತೆ ಓದಿ. ಪರಿಚಯವಾದ ಮರುದಿನವೇ ಅವನು ತನ್ನ ಮನೆಯೊಳಗಿನ ವಿಷಯವನ್ನೆಲ್ಲ ಅಪರಿಚಿತ ಹುಡುಗಿಯ ಮುಂದೆ ಬಿಚ್ಚಿಡುತ್ತಾನೆ. ಡಾರ್ಸಿಯ ತಂದೆಯ ಮೇಲಿನ ಗೌರವದಿಂದ ಮಗನ ಮಾನ ತೆಗೆಯುವುದಿಲ್ಲ ಅನ್ನುತ್ತಲೇ ತೆಗೆಯುತ್ತಾನೆ. ಡಾರ್ಸಿ ಊರು ಬಿಟ್ಟ ಮೇಲಂತೂ ಆ ಕಥೆ ಊರಿಗೆಲ್ಲ ಗೊತ್ತಾಗುತ್ತದೆ. ನಾನೇಕೆ ಅವನಿಗೆ ಹೆದರಿ ದೂರ ಹೋಗಲಿ ಅಂದವನು ಬಿಂಗ್ಲಿ ಮನೆಯ ಡ್ಯಾನ್ಸಿಗೆ ಬರುವುದೇ ಇಲ್ಲ. ಎಲ್ಲವೂ ನಮ್ಮ ಕಣ್ಣೆದುರೇ ಇತ್ತು. ಆಸ್ಟಿನ್ ಏನನ್ನೂ ಮುಚ್ಚಿಟ್ಟಿರಲಿಲ್ಲ.

26ನ್ನೂ ನೋಡಿ. ಹತ್ತು ಸಾವಿರ ಪೌಂಡ್ ಬಂದ ಹುಡುಗಿಯ ಹಿಂದೆ ವಿಕಮ್ ಹೋದಾಗ ಎಲಿಜಬೆತ್‌ಗೆ ಕೋಪವಿಲ್ಲ. ಗಂಡಸರಿಗೂ ಬದುಕಲು ಏನಾದರೂ ಬೇಕಲ್ಲ ಅನ್ನುವ ಧಾಟಿಯಲ್ಲಿ ಅವನ ಪರ ಮಾತಾಡುತ್ತಾಳೆ. ಶಾರ್ಲೆಟ್‌ಗೆ ಕೊಡದ ಮಾಫಿಯನ್ನು ಅವನಿಗೆ ಕೊಟ್ಟಳು. ನೀವು ಶಾರ್ಲೆಟ್ ಪುಟದಲ್ಲಿ ಏನು ಬರೆದಿರಿ, ವಿಕಮ್ ಪುಟದಲ್ಲಿ ಏನು ಬರೆದಿರಿ, ಪಕ್ಕಪಕ್ಕ ಇಟ್ಟು ನೋಡಿ.

ನಾವು ಹೀಗೆ ಸಿಕ್ಕಿಬೀಳುವುದಕ್ಕೆ ಕಾರಣ ಇದೆ. ಕಥೆ ಹೇಳುವ ದನಿ ಹೆಚ್ಚಾಗಿ ಎಲಿಜಬೆತ್‌ಳ ಪಕ್ಕದಲ್ಲೇ ಕೂತಿರುತ್ತದೆ. ಅವಳಿಗೆ ಅನ್ನಿಸಿದ್ದನ್ನು ‘ಅವಳಿಗೆ ಅನ್ನಿಸಿತು’ ಅಂತ ಹೇಳದೆ, ಅದೇ ನಿಜ ಅನ್ನುವ ಹಾಗೆ ಹೇಳಿಬಿಡುತ್ತದೆ. ಅವಳ ಅಭಿಪ್ರಾಯವನ್ನೇ ನಾವು ಲೋಕದ ಸತ್ಯ ಅಂತ ಓದಿಕೊಂಡು ಹೋಗುತ್ತೇವೆ. ಕಾದಂಬರಿಯಲ್ಲಿ ಈ ಬಗೆಯ ನಿರೂಪಣೆಯನ್ನು ಪಳಗಿಸಿದವರಲ್ಲಿ ಆಸ್ಟಿನ್ ಮೊದಲಿಗರು. ಇದರ ಮೊದಲ ಕರಡನ್ನು ಶುರು ಮಾಡಿದಾಗ, 1796ರಲ್ಲಿ, ಅವರಿಗೂ ಎಲಿಜಬೆತ್‌ಳದೇ ವಯಸ್ಸು, ಇಪ್ಪತ್ತು. ಮರುವರ್ಷ ತಂದೆ ಪ್ರಕಾಶಕರೊಬ್ಬರಿಗೆ ಬರೆದು ಕೇಳಿದರು, ಅವರು ಬೇಡ ಅಂದರು. ಪುಸ್ತಕ ಬಂದದ್ದು ಎಷ್ಟೋ ವರ್ಷ ತಿದ್ದಿದ ಮೇಲೆ, 1813ರಲ್ಲಿ. ಹಕ್ಕುಗಳನ್ನು 110 ಪೌಂಡಿಗೆ ಮಾರಿಬಿಟ್ಟಿದ್ದರು. ಮುಖಪುಟದಲ್ಲಿ ಅವರ ಹೆಸರೂ ಇರಲಿಲ್ಲ.

9. 43: ಪೆಂಬರ್ಲಿಗೆ ನಿಧಾನವಾಗಿ ಹೋಗಿ

ಇಲ್ಲಿಂದ ನೋಟ್‌ಬುಕ್ಕಿನಲ್ಲಿ ಡಾರ್ಸಿಗೆ ಹೊಸ ಪುಟ ತೆರೆಯಿರಿ. ಎಲಿಜಬೆತ್ ಸೋದರಮಾವ, ಅತ್ತೆಯ ಜೊತೆ ಪ್ರವಾಸ ಹೋದವಳು ಡಾರ್ಸಿಯ ಮನೆ ಪೆಂಬರ್ಲಿ ನೋಡಲು ಹೋಗುತ್ತಾಳೆ. ಅವನು ಊರಲ್ಲಿಲ್ಲ ಅಂತ ತಿಳಿದೇ ಹೋಗುತ್ತಾಳೆ. ಮನೆ ನೋಡಿಕೊಳ್ಳುವ ಮುದುಕಿ, ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಅವನನ್ನು ನೋಡಿದ್ದೇನೆ, ಒಂದು ದಿನವೂ ನನ್ನ ಮೇಲೆ ಸಿಡುಕಿಲ್ಲ ಅನ್ನುತ್ತಾಳೆ. ಇದು ಕೂಡ ‘ಯಾರೋ ಹೇಳಿದ್ದು’ ಕಾಲಂಗೆ ಹೋಗಬೇಕಾದ ಮಾತೇ. ಆದರೆ ತೂಕ ಬೇರೆ. ನಮ್ಮ ಹಿರಿಯರು ಗಂಡಿನ ಬಗ್ಗೆ ವಿಚಾರಿಸುವಾಗ ನೆಂಟರನ್ನು ಬಿಟ್ಟು ತೋಟದ ಆಳುಗಳನ್ನು ಕೇಳುತ್ತಿದ್ದದ್ದು ಇದೇ ಕಾರಣಕ್ಕೆ.

ಮಹಡಿಯ ಮೇಲೆ ಅವನ ಚಿತ್ರದ ಮುಂದೆ ಅವಳು ನಿಲ್ಲುವ ಜಾಗ ಇದೆಯಲ್ಲ, ಅಲ್ಲಿ ಓದು ನಿಲ್ಲಿಸಿ ಒಂದು ಲೋಟ ಕಾಫಿ ಕುಡಿದು ಬನ್ನಿ. ಆಮೇಲೆ ಅವನು ಎದುರಿಗೇ ಬರುತ್ತಾನೆ.

46ರಿಂದ 52ರವರೆಗೆ ಬಿಡಿಸಿ ಹೇಳುವುದು ಬೇಕಿಲ್ಲ, ಕಥೆಯೇ ಓಡಿಸಿಕೊಂಡು ಹೋಗುತ್ತದೆ. ಒಂದು ಮಾತ್ರ ಗಮನಿಸಿ. ಬೆನೆಟ್ ಮನೆಯ ಕೊನೆಯ ಮಗಳು, ಹದಿನಾರರ ಹುಡುಗಿ ಲಿಡಿಯಾ ಓಡಿಹೋದಾಗ ಡಾರ್ಸಿ ಮಾಡಿದ ಕೆಲಸ ನಮಗೆ ಕಣ್ಣಾರೆ ಕಾಣುವುದಿಲ್ಲ. ಅತ್ತೆ ಬರೆದ ಕಾಗದದಿಂದ ಗೊತ್ತಾಗುತ್ತದೆ. ಅವನು ತಾನಾಗಿ ಬಾಯಿ ಬಿಡುವುದಿಲ್ಲ. ವಿಕಮ್ ಹೇಗಿದ್ದ ನೆನಪಿದೆಯಲ್ವಾ?

56ನೇ ಅಧ್ಯಾಯವನ್ನು ಇಬ್ಬರು ಸೇರಿ ಜೋರಾಗಿ ಓದಲೇಬೇಕು. ಡಾರ್ಸಿಯ ಚಿಕ್ಕಮ್ಮ ಲೇಡಿ ಕ್ಯಾಥರೀನ್ ಜೋರು ಮಾಡಲು ಬರುತ್ತಾಳೆ. ಎಲಿಜಬೆತ್ ದನಿ ಎತ್ತದೆ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಚಿಕ್ಕಮ್ಮನ ಪಾತ್ರವನ್ನು ಮನೆಯಲ್ಲಿ ದನಿ ದೊಡ್ಡದಿರುವವರಿಗೆ ಕೊಡಿ.

10. ಮುಗಿದ ಮೇಲೆ

ಪುಸ್ತಕವನ್ನು ಕೂಡಲೇ ಕಪಾಟಿಗೆ ಸೇರಿಸಬೇಡಿ. ಒಂದು ವಾರ ಬಿಟ್ಟು 6, 10, 18 ಮೂರೇ ಅಧ್ಯಾಯ ಮತ್ತೆ ಓದಿ. ಡಾರ್ಸಿಯ ಮನಸ್ಸು ಅವಳ ಕಡೆ ವಾಲುತ್ತಿದೆ ಅಂತ ಆರನೇ ಅಧ್ಯಾಯದಲ್ಲೇ ನೇರವಾಗಿ ಹೇಳಿರುತ್ತದೆ. ಮೊದಲ ಸಲ ಅದನ್ನು ಓದಿಯೂ ನಾವು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ, ಯಾಕೆಂದರೆ ಎಲಿಜಬೆತ್ ತೆಗೆದುಕೊಳ್ಳಲಿಲ್ಲ. ಎರಡನೇ ಸಲ ಅವರಿಬ್ಬರ ಪ್ರತಿ ಜಗಳದಲ್ಲೂ ಅವನ ಕಡೆಯ ಮಾತು ಬೇರೆ ಥರ ಕೇಳಿಸುತ್ತದೆ. ಸಿನಿಮಾ ನೋಡುವುದಿದ್ದರೆ ಈಗ ನೋಡಿ.

ಆಮೇಲೆ ಆಸ್ಟಿನ್‌ರ ‘ಪರ್ಸುಯೇಶನ್’ ಹಿಡಿಯಿರಿ. ಬರೀ 24 ಅಧ್ಯಾಯ. ಅವರು 1817ರ ಜುಲೈನಲ್ಲಿ ತೀರಿಕೊಂಡ ಮೇಲೆ ಅದೇ ವರ್ಷದ ಕೊನೆಗೆ ಹೊರಬಂದದ್ದು. ಅದರ ನಾಯಕಿಗೂ ಶಾರ್ಲೆಟ್‌ಳ ವಯಸ್ಸೇ, 27. ಎಂಟು ವರ್ಷದ ಹಿಂದೆ ದೊಡ್ಡವರ ಮಾತು ಕೇಳಿ ಒಬ್ಬನನ್ನು ಬೇಡ ಅಂದವಳು. ಅದಕ್ಕೆ ನೋಟ್‌ಬುಕ್ಕಿನ ಕಾಲಂ ಬೇಕಾಗುವುದಿಲ್ಲ. ಆದರೆ ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ನೋಡಿ ಶುರು ಮಾಡಿ, 23ನೇ ಅಧ್ಯಾಯದಲ್ಲಿ ಅಲ್ಲೂ ಒಂದು ಕಾಗದ ಬರುತ್ತದೆ.